ಕೊಕ್ಕರೆ ಬೆಳ್ಳೂರಿನ ಬೇಸಿಗೆ: ಹುಣಸೆ, ನೆರಳು ಮತ್ತು ಹೆಜ್ಜಾರ್ಲೆ

ಹಳೆಯ ಮೈಸೂರಿನ ಮೈದಾನ ಸೀಮೆಯಲ್ಲಿ ಬೇಸಿಗೆಯೆಂದರೆ ಸುಗ್ಗಿಯ ಕಣ ಖಾಲಿಯಾದ ಮೇಲೆ ಮುಂಗಾರಿನ ಮೊದಲ ಹದಮಳೆ ಬೀಳುವವರೆಗಿನ ಅವಧಿ; ಹೊಲದ ಕೆಲಸ ಕಡಿಮೆಯಾಗಿ ಮದುವೆ, ಜಾತ್ರೆ, ಮನೆ ರಿಪೇರಿ ಮತ್ತು ಮಧ್ಯಾಹ್ನದ ನಿದ್ದೆಗೆ ಬಿಡುವು ಸಿಗುವ ಕಾಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಅವಧಿ ಹಕ್ಕಿಗಳ ಬಾಣಂತನದ ಕಾಲವೂ ಹೌದು. ಚಳಿಗಾಲದ ಆರಂಭದಿಂದಲೇ ಬರತೊಡಗುವ ಹೆಜ್ಜಾರ್ಲೆಗಳು, ಅಂದರೆ ಕೊಕ್ಕಿನ ಕೆಳಗೆ ಚೀಲವುಳ್ಳ ಬೂದುಬಣ್ಣದ ದೊಡ್ಡ ನೀರುಹಕ್ಕಿಗಳು, ಹಾಗೂ ಅವುಗಳ ಹಿಂದೆ ಜನವರಿ, ಫೆಬ್ರವರಿಯ ಹೊತ್ತಿಗೆ ಬಂದಿಳಿಯುವ ಬಣ್ಣದ ಕೊಕ್ಕರೆಗಳು ಊರಿನ ಹಿತ್ತಿಲು, ಬೀದಿ, ಹೊಲದ ಬದುಗಳಲ್ಲಿರುವ ಹುಣಸೆ, ಅರಳಿ, ಬಸರಿ ಮರಗಳಲ್ಲಿ ಗೂಡು ಕಟ್ಟಿ, ಮರಿ ಬೆಳೆಸಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಬೇಸಿಗೆಯಲ್ಲಿ ಮನುಷ್ಯನಿಗೆ ಅತಿ ಹೆಚ್ಚು ಬೇಕಾಗುವ ಎರಡು ವಸ್ತುಗಳು, ಮರದ ನೆರಳು ಮತ್ತು ಮರದ ಹುಳಿ, ಎರಡನ್ನೂ ಈ ಊರು ಹಕ್ಕಿಯೊಂದಿಗೆ ಹಂಚಿಕೊಳ್ಳಬೇಕಾಯಿತು. ಇಲ್ಲಿನ ಬೇಸಿಗೆಯ ಬದುಕಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಹಂಚಿಕೆಯ ಚರಿತ್ರೆಯೇ.

ಊರು ಈಗಿರುವ ಜಾಗ ಅದರ ಮೂಲ ನೆಲೆಯಲ್ಲ. ಹಳೆಯ ಬೆಳ್ಳೂರು ಕಾವೇರಿಯ ಉಪನದಿಯಾದ ಶಿಂಷಾ ತೀರದಲ್ಲಿತ್ತೆಂದೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 1916ರ ಸುಮಾರಿಗೆ, ಪ್ಲೇಗಿನ ಭಯದಿಂದ ಜನ ಆ ನೆಲೆಯನ್ನು ಬಿಟ್ಟು ಬಂದರೆಂದೂ, ಅವರ ಹಿಂದೆಯೇ ಹಕ್ಕಿಗಳೂ ಬಂದವೆಂದೂ ಊರಿನ ಹಿರಿಯರು ಹೇಳಿಕೊಂಡು ಬಂದಿದ್ದಾರೆ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮೈಸೂರು ಸಂಸ್ಥಾನದ ಹಳ್ಳಿಗಳನ್ನು ಮುಂದಿನ ಎರಡು ದಶಕಗಳ ಕಾಲ ಮತ್ತೆ ಮತ್ತೆ ಕಾಡಿತು. ಇಲಿ ಬಿದ್ದ ಸುದ್ದಿ ಕೇಳಿದೊಡನೆ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಆಗ ಸಾಮಾನ್ಯವಾಗಿತ್ತು. ಹಾಗೆ ಬಿಟ್ಟುಹೋದ ಊರಿಗೆ ಮರಳಿದವರು ಬಹಳ, ಮರಳದೆ ಹೊಸ ಊರು ಕಟ್ಟಿದವರು ಕೆಲವರು. ಬೆಳ್ಳೂರಿನವರು ಎರಡನೆಯ ಗುಂಪಿಗೆ ಸೇರಿದವರು. ಹೊಸ ಊರು ನದಿಯಿಂದ ತುಸು ದೂರವಾದರೂ ಬೇಸಿಗೆಯಲ್ಲಿ ಶಿಂಷೆಯ ನಂಟು ತಪ್ಪಲಿಲ್ಲ. ಹರಿವು ನಿಂತ ತಿಂಗಳುಗಳಲ್ಲಿ ನದಿಯ ಮರಳನ್ನು ಮೊಣಕಾಲುದ್ದ ಬಗೆದರೆ ಒಸರಿ ನಿಲ್ಲುವ ತಿಳಿನೀರಿಗೆ ಒರತೆಯೆನ್ನುತ್ತಾರೆ. ಸೋರೆಬುರುಡೆಯಿಂದಲೋ ತೆಂಗಿನ ಚಿಪ್ಪಿನಿಂದಲೋ ಅದನ್ನು ಮೊಗೆದು ಬಿಂದಿಗೆ ತುಂಬಿಸಿಕೊಳ್ಳುವುದು ಶಿಂಷೆಯ ಎರಡೂ ದಂಡೆಯ ಹಳ್ಳಿಗಳಿಗೆ ಬೇಸಿಗೆಯ ದಿನಚರಿಯಾಗಿತ್ತು. ಮರಳಿನಲ್ಲಿ ಸೋಸಿ ಬಂದ ಆ ನೀರಿನ ತಂಪನ್ನು ಮಣ್ಣಿನ ಗಡಿಗೆ ಸಂಜೆಯವರೆಗೂ ಕಾಪಾಡುತ್ತಿತ್ತು.

ಈ ಸೀಮೆಯ ಹಳೆಯ ಮನೆಗಳನ್ನು ಬಿಸಿಲನ್ನು ಲೆಕ್ಕಕ್ಕಿಟ್ಟುಕೊಂಡೇ ಕಟ್ಟಲಾಗಿತ್ತು. ದಪ್ಪ ಮಣ್ಣಿನ ಗೋಡೆ, ಒಂದರ ಮೇಲೊಂದು ಹೊದಿಸಿದ ನಾಡಹೆಂಚು, ಅನುಕೂಲಸ್ಥರಲ್ಲಿ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಬೀದಿಯ ಕಡೆಗೆ ಉದ್ದನೆಯ ಜಗಲಿ: ಇವಿಷ್ಟೂ ಸೇರಿ ಹಗಲಿನ ಸೆಕೆಯನ್ನು ಹೊರಗೇ ತಡೆದು, ರಾತ್ರಿಯ ಗಾಳಿಯನ್ನು ಒಳಕ್ಕೆ ಬಿಡುತ್ತಿದ್ದವು. ಜಗಲಿ ಮನೆಯ ಭಾಗವೂ ಹೌದು, ಬೀದಿಯ ಭಾಗವೂ ಹೌದು. ಮಧ್ಯಾಹ್ನ ಅದು ಹೆಂಗಸರ ಕೆಲಸದ ಜಾಗ, ಮಕ್ಕಳಿಗೆ ಚೌಕಾಬಾರ ಮತ್ತು ಅಳಗುಳಿಮಣೆಯ ಅಂಕಣ, ರಾತ್ರಿ ಗಂಡಸರು ಚಾಪೆ ಹಾಸಿ ಮಲಗುವ ಮಂಚ. ಬೆಳಗಿನ ಹೊಟ್ಟೆಗೆ ಹಿಂದಿನ ರಾತ್ರಿ ಕಾಯಿಸಿಟ್ಟ ರಾಗಿ ಅಂಬಲಿಯನ್ನು ಮಜ್ಜಿಗೆ ಬೆರೆಸಿ, ಈರುಳ್ಳಿ ಕಚ್ಚಿಕೊಂಡು ಕುಡಿಯುವುದಿತ್ತು. ಯುಗಾದಿಯ ಬೇವುಬೆಲ್ಲದ ಹಿಂದೆಯೇ ರಾಮನವಮಿ ಬಂದಾಗ ಬೆಲ್ಲ, ನಿಂಬೆ, ಏಲಕ್ಕಿಯ ಪಾನಕ, ಒಗ್ಗರಣೆ ಹಾಕಿದ ನೀರುಮಜ್ಜಿಗೆ ಮತ್ತು ಹೆಸರುಬೇಳೆ ಕೋಸಂಬರಿಯನ್ನು ದಾರಿಹೋಕರಿಗೂ ಹಂಚುವುದು ಈಗಲೂ ಉಳಿದಿದೆ. ಈ ಹಂಚಿಕೆಯ ಹಿಂದೆ ಅರವಟ್ಟಿಗೆಯೆಂಬ ಬಹಳ ಹಳೆಯ ಸಂಸ್ಥೆಯಿದೆ. ದಾರಿಯ ಬದಿಯಲ್ಲಿ ಬೇಸಿಗೆಯುದ್ದಕ್ಕೂ ದಣಿದವರಿಗೆ ಪುಕ್ಕಟೆ ನೀರು ಕೊಡುವ ಈ ಚಪ್ಪರಗಳಿಗೆ ದತ್ತಿ ಬಿಟ್ಟ ಸಂಗತಿಯನ್ನು ಕನ್ನಡದ ಶಾಸನಗಳು ಕೆರೆ ಕಟ್ಟಿಸಿದ ಪುಣ್ಯದ ಸಾಲಿನಲ್ಲಿಯೇ ಬರೆದಿವೆ.

ಆದರೆ ಊರಿನ ಬೇಸಿಗೆಯ ಮುಖ್ಯ ಕೆಲಸವೂ ಮುಖ್ಯ ಸಂತೋಷವೂ ಹುಣಸೆಯೇ. ಮಾಗಿಯ ಚಳಿ ಕಳೆಯುತ್ತಿದ್ದಂತೆ ಕಾಯಿ ಬಲಿತು, ಓಡು ತಿರುಳಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಲಗಲವೆನ್ನುವ ಹದಕ್ಕೆ ಬಂದಾಗ ಉದ್ದನೆಯ ಗಳು ಹಿಡಿದು ಮರ ಬಡಿಯುತ್ತಾರೆ. ಉದುರಿದ್ದನ್ನು ಆಯ್ದು, ಒಂದೆರಡು ದಿನ ಬಿಸಿಲಿಗೆ ಹರಡಿ, ಓಡು ತೆಗೆದು, ನಾರು ಎಳೆದು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬೇರ್ಪಡಿಸುವ ಕೆಲಸ ವಾರಗಟ್ಟಲೆ ಜಗಲಿಗಳ ಮೇಲೆ ನಡೆಯುತ್ತದೆ. ನೆರೆಹೊರೆಯ ಹೆಂಗಸರು ಒಬ್ಬರ ಮನೆಯ ಹಣ್ಣು ಮುಗಿಸಿ ಇನ್ನೊಬ್ಬರ ಮನೆಗೆ ಹೋಗುವ ಮುಯ್ಯಿಯ ಪದ್ಧತಿ, ಅಂದರೆ ಕೂಲಿಯ ಬದಲು ದುಡಿಮೆಗೆ ದುಡಿಮೆಯನ್ನೇ ಹಿಂತಿರುಗಿಸುವ ಪದ್ಧತಿ, ಇದಕ್ಕೂ ಅನ್ವಯಿಸುತ್ತದೆ. ಬಿಡಿಸಿದ ಹುಳಿಗೆ ಕಲ್ಲುಪ್ಪು ಬೆರೆಸಿ, ಉಂಡೆ ಕಟ್ಟಿ, ಮಡಕೆಯಲ್ಲಿ ಅದುಮಿಟ್ಟರೆ ವರ್ಷದ ಸಾರಿಗೆ ಚಿಂತೆಯಿಲ್ಲ. ಅದೇ ಜಗಲಿಯಲ್ಲಿ ಮಕ್ಕಳ ಪಾಲು ಬೇರೆಯೇ ತಯಾರಾಗುತ್ತದೆ: ಹೊಸ ಹುಳಿ, ಬೆಲ್ಲ, ಉಪ್ಪು, ಒಣಮೆಣಸಿನಕಾಯಿ, ಜೀರಿಗೆಯನ್ನು ಒರಳಿನಲ್ಲಿ ಅಂಟಾಗುವಂತೆ ಕುಟ್ಟಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ತೆಂಗಿನ ಕಡ್ಡಿಗೆ ಸಿಕ್ಕಿಸಿದರೆ ಅದು ಚಿಗಳಿ. ಬೇರ್ಪಟ್ಟ ಬೀಜವೂ ವ್ಯರ್ಥವಾಗುವುದಿಲ್ಲ. ಇಡೀ ಬೀಜ ಅಳಗುಳಿಮಣೆಯ ಗುಳಿ ತುಂಬಿದರೆ, ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿದ ಬೀಜ ಚೌಕಾಬಾರಕ್ಕೆ ಕವಡೆಯಾಗುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹೇಗೆ ತೊಡಗಿಸಬೇಕೆಂಬ ಇಂದಿನ ಮನೆಮನೆಯ ಪ್ರಶ್ನೆಗೆ ಒಂದು ಮರ ಕೊಟ್ಟ ಉತ್ತರ ಇಷ್ಟು ಸಮೃದ್ಧವಾಗಿತ್ತು.

ಮನೆಯ ಖರ್ಚಿಗೆ ಮಿಕ್ಕಿದ ಹುಣಸೆ ಸಂತೆಗೆ ಹೋಗುತ್ತಿತ್ತು, ಅಥವಾ ಮರದ ಮೇಲಿನ ಫಸಲನ್ನೇ ವ್ಯಾಪಾರಿಗೆ ಗುತ್ತಿಗೆ ಕೊಡುತ್ತಿದ್ದರು. ಮಳೆ ನಂಬಿ ರಾಗಿ ಬೆಳೆಯುವ ಕುಟುಂಬಕ್ಕೆ ನೀರು, ಗೊಬ್ಬರ ಕೇಳದೆ ಬೇಸಿಗೆಯಲ್ಲಿ ನಗದು ಕೊಡುವ ಆಸ್ತಿ ಅದೊಂದೇ. ಕೊಕ್ಕರೆ ಬೆಳ್ಳೂರಿನ ವಿಶೇಷ ಇಲ್ಲಿದೆ. ಹುಣಸೆ ಬಡಿಯುವ ತಿಂಗಳುಗಳಲ್ಲಿಯೇ ಅದರ ಕೊಂಬೆಗಳ ಮೇಲೆ ಮೊಟ್ಟೆ, ಮರಿ ಇರುತ್ತವೆ. ಕಡ್ಡಿಗಳನ್ನು ಅಡ್ಡಾದಿಡ್ಡಿ ಹೆಣೆದ ಗೂಡಿನಲ್ಲಿ ಹೆಜ್ಜಾರ್ಲೆ ಸಾಮಾನ್ಯವಾಗಿ ಎರಡು ಮೂರು ಮೊಟ್ಟೆಯಿಟ್ಟು, ಸುಮಾರು ಒಂದು ತಿಂಗಳು ಕಾವು ಕೊಟ್ಟು, ಆಮೇಲೆ ಹಲವು ತಿಂಗಳು ಮೀನು ತಂದು ಸಾಕುತ್ತದೆ. ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ತಲೆಯನ್ನೇ ತೂರಿಸಿ ಆಹಾರ ತೆಗೆದುಕೊಳ್ಳುತ್ತದೆ. ಗೂಡಿರುವ ಮರಕ್ಕೆ ಗಳು ತಾಗಿಸುವಂತಿಲ್ಲ. ಫಸಲು ಮರದಲ್ಲೇ ಉಳಿದು ಹಾಳಾಗುತ್ತದೆ, ದೊಡ್ಡ ಹಕ್ಕಿಗಳ ಭಾರಕ್ಕೆ ರೆಂಬೆ ಮುರಿಯುತ್ತವೆ, ಎಲೆಗಳು ಹಿಕ್ಕೆಯಿಂದ ಬೆಳ್ಳಗಾಗುತ್ತವೆ, ಬಿಸಿಲೇರಿದಂತೆ ಮೀನಿನ ನಾತ ಅಡುಗೆಮನೆಯವರೆಗೂ ಬರುತ್ತದೆ. ಊರಿನ ಅತ್ಯಂತ ತಂಪಾದ ನೆರಳು ಬೇಕೇಬೇಕಾದ ತಿಂಗಳಲ್ಲಿ ಕೂರಲಾಗದ ನೆರಳಾಗುತ್ತದೆ. ಹಕ್ಕಿಪ್ರೀತಿಯ ಕಥೆಯಾಗಿ ಈ ಊರನ್ನು ಬಣ್ಣಿಸುವ ಬರಹಗಳು ಈ ನಷ್ಟವನ್ನು ಅರ್ಧ ಸಾಲಿನಲ್ಲಿ ದಾಟಿಬಿಡುವುದು ನ್ಯಾಯವಲ್ಲ.

ಹಾಗಿದ್ದರೂ ಜನ ಹಕ್ಕಿಗಳನ್ನು ಓಡಿಸಲಿಲ್ಲ. ಹೆರಿಗೆಗೆ ತವರಿಗೆ ಬಂದ ಮಗಳನ್ನು ಯಾರಾದರೂ ಕಳಿಸಿಬಿಡುತ್ತಾರೆಯೇ ಎಂಬುದು ಊರಿನ ಹೆಂಗಸರ ಮಾತು. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನಾಗಿರುತ್ತದೆಂಬ ನಂಬಿಕೆ ಅದಕ್ಕೆ ಜೊತೆಯಾಗಿದೆ. ನಂಬಿಕೆಯ ಬದಿಯಲ್ಲಿ ಬೇಸಾಯದ ಲೆಕ್ಕವೂ ಇತ್ತು. ಮರದ ಬುಡದಲ್ಲಿ ಗುಂಡಿ ತೋಡಿ, ಬೇಸಿಗೆಯಲ್ಲಿ ಬತ್ತಿದ ಕೆರೆಯಿಂದ ಹೊಡೆದು ತಂದ ಗೋಡುಮಣ್ಣನ್ನು, ಅಂದರೆ ಹೂಳನ್ನು, ಅದರಲ್ಲಿ ತುಂಬಿಸಿದರೆ ತಿಂಗಳುಗಟ್ಟಲೆ ಬೀಳುವ ಹಿಕ್ಕೆ ಅದಕ್ಕೆ ಬೆರೆತು, ಮುಂಗಾರಿನ ಹೊತ್ತಿಗೆ ಸಾರವತ್ತಾದ ಗೊಬ್ಬರ ಸಿದ್ಧವಾಗುತ್ತದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಎರಡೂ ಹೇರಳ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪೆರು ದೇಶದ ದ್ವೀಪಗಳಿಂದ ಯುರೋಪಿನ ಹೊಲಗಳಿಗೆ ಹಡಗುಗಟ್ಟಲೆ ಸಾಗಿದ್ದೂ ಇದೇ ಬಗೆಯ ವಸ್ತು. ತಮಿಳುನಾಡಿನ ವೇಡಂತಾಂಗಲ್‌ನಲ್ಲಿ ಕೆರೆಯೊಳಗಿನ ಮರಗಳ ಹಕ್ಕಿಗಳಿಂದ ಸಾರ ಪಡೆದ ನೀರನ್ನು ಗದ್ದೆಗೆ ಹಾಯಿಸಿಕೊಳ್ಳುತ್ತಿದ್ದ ರೈತರು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಕಂಪನಿ ಸರ್ಕಾರದಿಂದ ಹಕ್ಕಿಗಳಿಗೆ ರಕ್ಷಣೆ ಪಡೆದದ್ದೂ ಈ ಲೆಕ್ಕದಿಂದಲೇ.

ಊರಿನ ನಡುವೆ ಹೆಜ್ಜಾರ್ಲೆ ಗೂಡು ಕಟ್ಟುವುದು ಒಂದು ಕಾಲಕ್ಕೆ ಅಪರೂಪವಾಗಿರಲಿಲ್ಲ. 1864ರ ಹೊತ್ತಿಗೆ ಪೂರ್ಣಗೊಂಡ ತನ್ನ ಭಾರತದ ಹಕ್ಕಿಗಳ ಗ್ರಂಥದಲ್ಲಿ ಟಿ. ಸಿ. ಜೆರ್ಡನ್, ಕರ್ನಾಟಿಕ್ ಪ್ರಾಂತ್ಯದ, ಅಂದರೆ ಘಟ್ಟದ ಕೆಳಗಿನ ಪೂರ್ವ ಬಯಲಿನ, ಹಳ್ಳಿಯೊಂದರ ನಡುವೆಯೇ ಇದ್ದ ಇಂಥ ಗೂಡುನೆಲೆಯನ್ನು ಕಂಡದ್ದಾಗಿ ಬರೆದಿದ್ದಾನೆ. ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನಲ್ಲಿ ಆ ಶತಮಾನದಲ್ಲಿ ಲೆಕ್ಕಕ್ಕೆ ಸಿಗದಷ್ಟಿದ್ದ ಹೆಜ್ಜಾರ್ಲೆಗಳ ಮಹಾನೆಲೆ ಇಪ್ಪತ್ತನೆಯ ಶತಮಾನದಲ್ಲಿ ಇಲ್ಲವಾಯಿತು. ಬೆಳ್ಳೂರು ಉಳಿಸಿಕೊಂಡದ್ದು ಎಲ್ಲೆಡೆ ಕಳೆದುಹೋಗುತ್ತಿದ್ದುದನ್ನು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿಯೇ ಪಕ್ಷಿಧಾಮವೆಂದು ಘೋಷಿತವಾದರೂ, ಅದೇ ಜಿಲ್ಲೆಯ ಈ ಊರು ಹೊರಜಗತ್ತಿನ ಕಣ್ಣಿಗೆ ಬಿದ್ದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇಲ್ಲಿನ ಹೆಜ್ಜಾರ್ಲೆ ನೆಲೆಯನ್ನು ಗುರುತಿಸಿ ಪಕ್ಷಿತಜ್ಞರಿಗೆ ತಿಳಿಸಿದಾಗ. ಗೂಡಿರುವ ಮರದ ಫಸಲು ಬಿಟ್ಟುಕೊಟ್ಟ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿದ್ದು ಆನಂತರದ ಬೆಳವಣಿಗೆ. ಅದು ಮುಖ್ಯವಾದ ತಿರುವು; ತಲೆಮಾರುಗಳಿಂದ ಒಂದು ಊರು ಒಂಟಿಯಾಗಿ ಹೊತ್ತಿದ್ದ ಖರ್ಚಿನಲ್ಲಿ ನಾಡಿಗೂ ಪಾಲಿದೆಯೆಂದು ಸರ್ಕಾರ ಒಪ್ಪಿಕೊಂಡ ಗಳಿಗೆ.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಬಳಗದ ಕೆ. ಮನು ಅವರ ಒಡನಾಟದಲ್ಲಿ ಊರಿನ ಯುವಕರು ಹೆಜ್ಜಾರ್ಲೆ ಬಳಗವನ್ನು ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ತಂದೆತಾಯಿ ಹಕ್ಕಿ ಮತ್ತೆ ಮೇಲಕ್ಕೆ ಒಯ್ಯಲಾರವು; ನಾಯಿ, ಬಿಸಿಲು ಅವುಗಳನ್ನು ಮುಗಿಸುತ್ತವೆ. ಬಳಗದವರು ಅಂಥ ಮರಿಗಳಿಗೆ ಬೇಲಿಯ ಆವರಣ ಮಾಡಿ, ಮೀನು ತಿನ್ನಿಸಿ, ಹಾರುವಷ್ಟು ಬೆಳೆದ ಮೇಲೆ ಬಿಟ್ಟುಬಿಡುವ ಕೆಲಸವನ್ನು ಬೇಸಿಗೆಯ ನಿತ್ಯಕರ್ಮವಾಗಿಸಿಕೊಂಡರು. 2007ರಲ್ಲಿ ಊರು ಮತ್ತು ಸುತ್ತಲಿನ 312 ಹೆಕ್ಟೇರು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇಂಥ ಪ್ರದೇಶದಲ್ಲಿ ಜಮೀನಿನ ಒಡೆತನ ಜನರಲ್ಲೇ ಉಳಿದು, ರಕ್ಷಣೆಯ ಹೊಣೆಯನ್ನು ಊರಿನವರನ್ನೊಳಗೊಂಡ ಸಮಿತಿ ಹೊರುತ್ತದೆ. ಮನೆ ಹಿತ್ತಿಲಿನಲ್ಲಿಯೇ ಹಕ್ಕಿಯಿರುವ ಊರಿಗೆ ಒಕ್ಕಲೆಬ್ಬಿಸುವ ಅಭಯಾರಣ್ಯಕ್ಕಿಂತ ಈ ವ್ಯವಸ್ಥೆ ಎಷ್ಟೋ ಮೇಲು.

ಈಚಿನ ದಶಕಗಳಲ್ಲಿ ಬದಲಾದದ್ದು ಹಕ್ಕಿಗಳ ಸ್ವಭಾವಕ್ಕಿಂತ ಹೆಚ್ಚಾಗಿ ಜನರ ಬೇಸಿಗೆ. ನಾಡಹೆಂಚಿನ ಜಾಗಕ್ಕೆ ಬಂದ ಕಾಂಕ್ರೀಟು ತಾರಸಿ ಹಗಲಿನ ಕಾವನ್ನು ರಾತ್ರಿಯವರೆಗೂ ಹಿಡಿದಿಟ್ಟು ಜನರನ್ನು ಫ್ಯಾನಿನ ಕೆಳಗೆ ಕೂರಿಸಿತು; ಮನೆ ವಿಸ್ತರಿಸುವಾಗ ಮೊದಲು ಹೋದದ್ದು ಜಗಲಿ, ಆಮೇಲೆ ಹಿತ್ತಿಲಿನ ಮರ. ಮದ್ದೂರಿನ ದೊಡ್ಡ ಎಳನೀರು ಮಾರುಕಟ್ಟೆಯಿಂದ ಹೊರರಾಜ್ಯಗಳಿಗೆ ಲಾರಿ ತುಂಬ ತಂಪು ಹೋಗುತ್ತಿರುವಾಗ, ಹಳ್ಳಿಯ ಅಂಗಡಿಯಲ್ಲಿ ಬಾಟಲಿಯ ಬಣ್ಣದ ಪಾನೀಯ ಮಾರಾಟವಾಗುತ್ತದೆ. ಮರಳು ಬಗೆದು ಸಾಗಿಸಿದ ಮೇಲೆ ಶಿಂಷೆಯ ಒರತೆಗಳು ವಿರಳವಾದವು. ಹಕ್ಕಿಗಳಿಗೆ ಮೀನು ಕೊಡುವ ಕೆರೆಗಳಿಗೂ ಕೊಳಕು ಸೇರಿತು. 2017ರ ಕೊನೆಯಿಂದ 2018ರ ಆರಂಭದವರೆಗೆ ಹೆಜ್ಜಾರ್ಲೆಗಳು ಒಂದಾದ ಮೇಲೊಂದರಂತೆ ಸತ್ತಾಗ ಅವುಗಳ ಒಡಲಲ್ಲಿ ಮೀನಿನ ಮೂಲಕ ಸೇರಿದ ಪರೋಪಜೀವಿ ಹುಳುಗಳು ಕಂಡುಬಂದವು. ಕೆರೆಯ ನೀರು ಕೆಟ್ಟರೆ ಹಕ್ಕಿಗೆ ಬರುವ ಆಪತ್ತು ಅದೇ ಕೆರೆಯನ್ನು ನಂಬಿದ ದನಕರುಗಳಿಗೂ ಮನುಷ್ಯರಿಗೂ ತಡವಾಗಿಯಾದರೂ ಬರುವಂಥದೇ.

ಕೊಕ್ಕರೆ ಬೆಳ್ಳೂರಿನ ಹಳೆಯ ಬೇಸಿಗೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಮರವೇ ಎಂಬುದರಲ್ಲಿ ಸಂದೇಹವಿಲ್ಲ. ಮಿಕ್ಕದ್ದೆಲ್ಲ ಅದರ ಕೆಳಗೆ ತಾನಾಗಿ ಬಂದದ್ದು. ಹುಣಸೆ ಸಸಿ ಫಲ ಕೊಡಲು ಹಲವು ವರ್ಷ, ಹೆಜ್ಜಾರ್ಲೆಯ ಗೂಡುಗಳನ್ನು ಹೊರುವಷ್ಟು ಬಲಿಯಲು ದಶಕಗಳೇ ಬೇಕಾಗುವುದರಿಂದ ಮುಂದಿನ ತಲೆಮಾರಿನ ಮರಗಳನ್ನು ಈ ಮುಂಗಾರಿನಲ್ಲಿಯೇ ನೆಡಬೇಕು. ಪರಿಹಾರದ ಮೊತ್ತವನ್ನು ಆಯಾ ವರ್ಷದ ಹುಣಸೆಯ ಮಾರುಕಟ್ಟೆ ದರಕ್ಕೆ ಹೊಂದಿಸಿ, ಫಸಲಿನ ಕಾಲ ಮುಗಿಯುವ ಮೊದಲೇ ಮರದ ಒಡೆಯರ ಕೈಗೆ ತಲುಪಿಸಬೇಕು. ಹಕ್ಕಿ ನೋಡಲು ಬರುವವರು ಈ ಊರಿನ ಜಗಲಿಗಳಲ್ಲಿ ಸಿದ್ಧವಾದ ಹುಳಿಯನ್ನು ಒಂದು ಕಿಲೋವಾದರೂ ಕೊಂಡುಹೋಗಲಿ.