ಬಾಣಂತಿ ಸನ್ನಿಯಿಂದ ಒಂದು ಸೂಜಿಯವರೆಗೆ

ಹೆರಿಗೆಯಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಚಳಿ ಹತ್ತಿ ಜ್ವರ ಬರುತ್ತದೆ. ಕಿಬ್ಬೊಟ್ಟೆ ಮುಟ್ಟಲಾಗದಷ್ಟು ನೋವು, ಸ್ರಾವಕ್ಕೆ ದುರ್ವಾಸನೆ. ಜ್ವರ ತಲೆಗೇರಿದರೆ ಬಡಬಡಿಕೆ. ಇದಕ್ಕೆ ಹಿಂದಿನವರು ಇಟ್ಟ ಹೆಸರು ‘ಬಾಣಂತಿ ಸನ್ನಿ’. ಹೆರಿಗೆಯ ನಂತರ ಕೆಲವರಲ್ಲಿ ಕಾಣುವ ಮನೋವಿಕಾರವೂ ಈ ಹೆಸರಿನಡಿಯೇ ಸೇರಿಹೋಗಿತ್ತು. ಆದರೆ ಪ್ರಾಣ ತೆಗೆಯುತ್ತಿದ್ದುದು ಬಹುಮಟ್ಟಿಗೆ ಗರ್ಭಕೋಶದ ನಂಜು. ತಣ್ಣೀರು ಮುಟ್ಟಿದ್ದು, ಗಾಳಿಗೆ ಬಂದದ್ದು, ಪಥ್ಯ ಕೆಟ್ಟದ್ದು, ಕಣ್ಣು ತಾಕಿದ್ದು ಎಂದು ಕಾರಣಗಳು ಹುಡುಕಿದಷ್ಟೂ ಸಿಗುತ್ತಿದ್ದವು. ತಪ್ಪು ಮಾತ್ರ ಯಾವಾಗಲೂ ಬಾಣಂತಿಯದೇ.

ತಪ್ಪು ಹೆರಿಗೆ ಮಾಡಿಸುವವರ ಕೈಯಲ್ಲಿದೆ ಎಂದು ವಿಯೆನ್ನಾದ ಸೆಮೆಲ್‌ವೈಸ್ ತೋರಿಸಿದ್ದು 1847ರಲ್ಲಿ. ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮ ಬಂದ ಮೇಲೆ ಅವನ ವಾರ್ಡಿನಲ್ಲಿ ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜುಲೈ ವೇಳೆಗೆ ಶೇ 1ರ ಆಸುಪಾಸಿಗೆ ಇಳಿಯಿತು. ಆದರೂ ಹಿರಿಯ ವೈದ್ಯರು ಅವನನ್ನು ನಂಬಲಿಲ್ಲ. ನಂಜು ಏರಿದ ಮೇಲೆ ಕೊಡಬಹುದಾದ ಮದ್ದು ಸಿಗಲು ಇನ್ನೂ ಸುಮಾರು 90 ವರ್ಷ ಬೇಕಾಯಿತು. ಜರ್ಮನಿಯಲ್ಲಿ ಗೆರ್ಹಾರ್ಡ್ ಡೊಮಾಕ್ ಕಂಡುಹಿಡಿದ ‘ಪ್ರಾಂಟೊಸಿಲ್’ ಎಂಬ ಸಲ್ಫಾ ಔಷಧವನ್ನು 1936ರಲ್ಲಿ ಲಂಡನ್ನಿನ ಕ್ವೀನ್ ಶಾರ್ಲೆಟ್ಸ್ ಆಸ್ಪತ್ರೆಯ ಲಿಯೊನಾರ್ಡ್ ಕೋಲ್‌ಬ್ರೂಕ್ 38 ಬಾಣಂತಿಯರಿಗೆ ಕೊಟ್ಟರು. ಸತ್ತವರು ಮೂವರು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಅಂಥ ರೋಗಿಗಳಲ್ಲಿ ನಾಲ್ಕಕ್ಕೆ ಒಬ್ಬರಂತೆ ಸಾಯುತ್ತಿದ್ದರು. ಬಳಿಕ ಪೆನಿಸಿಲಿನ್ ಬಂತು. ಭಾರತದಲ್ಲಿ ಸರ್ಕಾರಿ ಒಡೆತನದ ಪಿಂಪ್ರಿ ಕಾರ್ಖಾನೆ ಅದನ್ನು ತಯಾರಿಸಲು ತೊಡಗಿದ್ದು 1955ರಲ್ಲಿ. ರಾಯಚೂರು ಜಿಲ್ಲೆ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು ಮರುವರ್ಷ.

ಇವೆಲ್ಲ ನಂಜಾದ ಮೇಲಿನ ಚಿಕಿತ್ಸೆಯ ಕಥೆ. ನಂಜೇ ಆಗದಂತೆ ಮೊದಲೇ ಮದ್ದು ಕೊಡುವುದು ಬೇರೆಯೇ ವಿಚಾರ. ಸಿಸೇರಿಯನ್ ಹೆಚ್ಚಿದಂತೆ ಅದರ ಅಗತ್ಯವೂ ಹೆಚ್ಚಿತು. ಸಹಜ ಹೆರಿಗೆಗಿಂತ ಸಿಸೇರಿಯನ್‌ನಲ್ಲಿ ಸೋಂಕಿನ ಅಪಾಯ 5ರಿಂದ 20 ಪಟ್ಟು ಜಾಸ್ತಿ. ಚರ್ಮದ ಮೇಲಿನ ರೋಗಾಣುಗಳಷ್ಟೇ ಇದಕ್ಕೆ ಕಾರಣವಲ್ಲ. ನೀರುಚೀಲ ಒಡೆದ ಮೇಲೆ ಯೋನಿಯಲ್ಲಿರುವ ರೋಗಾಣುಗಳು ಮೇಲಕ್ಕೆ ಹತ್ತತೊಡಗುತ್ತವೆ. ಹೊತ್ತು ಕಳೆದಷ್ಟೂ, ಒಳಪರೀಕ್ಷೆಗಳು ಹೆಚ್ಚಿದಷ್ಟೂ ಗರ್ಭಕೋಶ ಸೇರುವ ರೋಗಾಣುಗಳ ಸಂಖ್ಯೆ ಹೆಚ್ಚುತ್ತದೆ. ಆಮೇಲೆ ಅದೇ ಗರ್ಭಕೋಶವನ್ನು ಕೊಯ್ಯಬೇಕು.

ರಾಯಚೂರಿನ ನಕ್ಷೆಯನ್ನು ಇಲ್ಲಿ ನೋಡಬೇಕು. ಮುಂಬಯಿಯಿಂದ ಬಂದ ರೈಲು ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ಈ ಊರಿನಲ್ಲಿ. ಆದರೆ ಕೃಷ್ಣೆಯ ಕಡೆಯ ದೇವದುರ್ಗಕ್ಕಾಗಲಿ ತುಂಗಭದ್ರೆಯ ಕಡೆಯ ಮಾನ್ವಿಗಾಗಲಿ ಆ ರೈಲಿನಿಂದ ನೇರ ಪ್ರಯೋಜನವಾಗಲಿಲ್ಲ. ಎರಡೂ ಊರುಗಳು ಜಿಲ್ಲಾ ಕೇಂದ್ರದಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ತಾಲ್ಲೂಕಿನ ಅಂಚಿನ ಹಳ್ಳಿ, ದೊಡ್ಡಿ, ತಾಂಡಾಗಳಿಂದ ದಾರಿ ಇನ್ನೂ ಉದ್ದ. ಮನೆಯಲ್ಲಿ ಒಂದು ರಾತ್ರಿ, ತಾಲ್ಲೂಕು ಆಸ್ಪತ್ರೆಯಲ್ಲಿ ಅರ್ಧ ದಿನ, ಅಲ್ಲಿ ಅರಿವಳಿಕೆ ಕೊಡುವ ವೈದ್ಯರು ಇಲ್ಲದಿದ್ದರೆ ಮುಂದಕ್ಕೆ ಜಿಲ್ಲಾ ಕೇಂದ್ರಕ್ಕೆ. ಇಷ್ಟೆಲ್ಲ ಆಗುವಷ್ಟರಲ್ಲಿ ನೀರು ಹೋಗಿ ಎಷ್ಟೋ ತಾಸಾಗಿರುತ್ತದೆ. 2007ರಲ್ಲಿ ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು, 2008ರ ನವೆಂಬರಿನಲ್ಲಿ ರಾಜ್ಯದ ರಸ್ತೆಗಳಿಗೆ 108 ಆಂಬುಲೆನ್ಸ್ ಇಳಿಯಿತು. ಹೊತ್ತು ಕಡಿಮೆಯಾಯಿತು, ದೂರ ಕಡಿಮೆಯಾಗಲಿಲ್ಲ.

ಮದ್ದನ್ನು ಯಾವಾಗ ಕೊಡಬೇಕು ಎಂಬುದಕ್ಕೆ ಉತ್ತರ ಕೊಟ್ಟವು ಗಿನಿಯಿಲಿಗಳು. ಬಾಸ್ಟನ್ನಿನ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯ 1961ರಲ್ಲಿ ಅವುಗಳ ಚರ್ಮದೊಳಕ್ಕೆ ಕೀವು ಹುಟ್ಟಿಸುವ ರೋಗಾಣುಗಳನ್ನು ಬಿಟ್ಟು, ಬೇರೆಬೇರೆ ಹೊತ್ತಿಗೆ ಔಷಧ ಕೊಟ್ಟು ನೋಡಿದ. ಮೊದಲೇ ಕೊಟ್ಟಾಗ ಫಲ ಅತಿ ಹೆಚ್ಚು. ಮೂರು ತಾಸು ಕಳೆದ ಮೇಲೆ ಕೊಟ್ಟರೆ ಕೊಟ್ಟೂ ಕೊಡದಂತೆ. ಅಂದರೆ ಚಾಕು ಚರ್ಮ ಮುಟ್ಟುವ ಹೊತ್ತಿಗೆ ಔಷಧ ರಕ್ತದಲ್ಲಿ ಸಿದ್ಧವಾಗಿ ನಿಂತಿರಬೇಕು.

ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಈ ಮಾತು ನಡೆಯಿತು. ಹೆರಿಗೆ ವೈದ್ಯರು ಮಾತ್ರ ಬಹುಕಾಲ ಹಿಂದೆಗೆದರು. ತಾಯಿಗೆ ಕೊಟ್ಟ ಔಷಧ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ, ಮಗುವಿಗೆ ಸೋಂಕಿದ್ದರೆ ಅದು ಮರೆಯಾಗಿಬಿಡಬಹುದು ಎಂಬುದು ಅವರ ಅಳುಕು. ಆದ್ದರಿಂದ ಬಳ್ಳಿ ಕತ್ತರಿಸಿದ ಮೇಲೆಯೇ ಸೂಜಿ. ಅಳುಕು ಅಸಹಜವಲ್ಲ. ಆದರೆ ಪ್ರಯೋಗಗಳನ್ನು ಮಾಡಿ ನೋಡಿದಾಗ, ಕೊಯ್ಯುವ ಮೊದಲೇ ಕೊಟ್ಟರೆ ತಾಯಿಯ ಸೋಂಕು ಇನ್ನಷ್ಟು ಇಳಿಯುತ್ತದೆ, ಮಗುವಿಗೆ ಕೇಡಾಗುವುದಿಲ್ಲ ಎಂದು ಕಂಡಿತು. 2010ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ ನಿಲುವು ಬದಲಿಸಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳಿತು. ಅದಕ್ಕೆ ಒಂದು ವರ್ಷ ಮೊದಲು, 95 ಅಧ್ಯಯನಗಳ 15,000ಕ್ಕೂ ಹೆಚ್ಚು ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಲಾಗಿತ್ತು. ಮೊದಲೇ ಕೊಟ್ಟ ಔಷಧದಿಂದ ಗರ್ಭಕೋಶದ ಸೋಂಕು ಶೇ 60ರಿಂದ 70ರಷ್ಟು ತಗ್ಗುತ್ತದೆ ಎಂಬುದು ಆ ಲೆಕ್ಕದ ಸಾರ. ಸಾಮಾನ್ಯವಾಗಿ ಬೇಕಾದದ್ದು ಸೆಫಜೋಲಿನ್‌ನಂಥ ಹಳೆಯ, ಅಗ್ಗದ ಔಷಧದ ಒಂದೇ ಸೂಜಿ. ಜೊತೆಗೆ ಅಜಿಥ್ರೊಮೈಸಿನ್ ಕೊಡುವ ಪ್ರಯೋಗ ಅಮೆರಿಕದಲ್ಲಿ 2,013 ಮಹಿಳೆಯರ ಮೇಲೆ ನಡೆಯಿತು. ಹೆರಿಗೆನೋವು ಅಥವಾ ನೀರು ಒಡೆಯುವಿಕೆ ಶುರುವಾದ ಮೇಲೆ ಸಿಸೇರಿಯನ್ ಆದ ಇವರಲ್ಲಿ ಸೋಂಕು ಶೇ 12ರಿಂದ ಶೇ 6.1ಕ್ಕೆ ಇಳಿದದ್ದು 2016ರಲ್ಲಿ ಪ್ರಕಟವಾಯಿತು. ಸಹಜ ಹೆರಿಗೆಗೆ ಬಂದವರಿಗೆ ಇದೇ ಔಷಧ ಕೊಟ್ಟು ನೋಡಿದ, ಏಳು ದೇಶಗಳ 29,278 ಮಹಿಳೆಯರ ಇನ್ನೊಂದು ಅಧ್ಯಯನದಲ್ಲಿ ನಮ್ಮ ಬೆಳಗಾವಿಯೂ ಇತ್ತು. ತಾಯಿಯ ನಂಜು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿದದ್ದು ಅದರ ಫಲಿತಾಂಶ, ಪ್ರಕಟವಾದದ್ದು 2023ರಲ್ಲಿ.

ಒಂದೇ ಸೂಜಿ ಸಾಕು ಎಂಬ ಮಾತನ್ನು ನಂಬುವುದು ಮಾತ್ರ ಕಷ್ಟವಾಗಿದೆ. ಐದು ದಿನ, ಏಳು ದಿನ ಆ್ಯಂಟಿಬಯೋಟಿಕ್ ಮುಂದುವರಿಸುವ ರೂಢಿ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಾಮಾನ್ಯ. ವೈದ್ಯರ ಭಯವೂ ಅರ್ಥವಾಗುವಂಥದ್ದೇ. ಕಿಕ್ಕಿರಿದ ವಾರ್ಡು, ಬೇಸಿಗೆಯ ಬೆವರು, ಬಿಡುಗಡೆಯಾದ ಮೇಲೆ ಐವತ್ತು ಕಿಲೋಮೀಟರ್ ದೂರ ಹೋಗುವ ಬಾಣಂತಿ. ಸೂಜಿ ನಿಲ್ಲಿಸಿದರೆ ‘ಬರೋಬರಿ ನೋಡಲಿಲ್ಲ’ ಎನ್ನುವ ಮನೆಯವರೂ ಇದ್ದಾರೆ. ಆದರೆ ಆಗಲೇ ಜ್ವರವಿದ್ದವರಿಗೆ ಕೊಡುವ ಚಿಕಿತ್ಸೆ ಬೇರೆ, ಸೋಂಕಿಲ್ಲದವರಿಗೆ ಕೊಡುವ ಮುನ್ನೆಚ್ಚರಿಕೆ ಬೇರೆ. ಎರಡನೆಯದರಲ್ಲಿ ದಿನ ಹೆಚ್ಚಿಸಿದರೆ ಲಾಭ ಹೆಚ್ಚುವುದಿಲ್ಲ. ಔಷಧಕ್ಕೆ ಬಗ್ಗದ ರೋಗಾಣುಗಳು ವಾರ್ಡಿನಲ್ಲಿ ಉಳಿಯುತ್ತವೆ. ಮುಂದೆ ಅದೇ ಮಂಚಕ್ಕೆ ಬರುವವಳಿಗೆ ಅದರ ಫಲ. ಸರಿಯಾಗಿ ಕಾಯದ ಆಟೋಕ್ಲೇವಿನ ಕೆಲಸವನ್ನು ಯಾವ ಸೂಜಿಯೂ ಮಾಡಲಾರದು.

ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಸಾವು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಇದೇ ಕಾಲದಲ್ಲಿ ಸಿಸೇರಿಯನ್ ಏರಿತು: 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 15.5, 2019-20ರಲ್ಲಿ ಶೇ 31.5. ಹೊಟ್ಟೆಯ ಮೇಲೆ ಹೊಲಿಗೆ ಹಾಕಿಸಿಕೊಂಡು ಊರಿಗೆ ಮರಳುವವರ ಸಂಖ್ಯೆ ಅಷ್ಟರಮಟ್ಟಿಗೆ ಬೆಳೆದಿದೆ. ನೆರೆಯ ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಹೋದದ್ದು ರಕ್ತನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ.

ಹೊಲಿಗೆಯ ಗಾಯ ಕೆಡುವುದು ಸಾಮಾನ್ಯವಾಗಿ ನಾಲ್ಕನೆಯ ದಿನದ ನಂತರ, ಎಷ್ಟೋ ಸಲ ಮನೆಗೆ ಹೋದ ಮೇಲೆ. ಅಂಚು ಕೆಂಪೇರುವುದು, ಬಟ್ಟೆಗೆ ನೀರು ಅಂಟುವುದು, ಸಂಜೆ ಮೈ ಬಿಸಿಯಾಗುವುದು ಮೊದಲ ಗುರುತುಗಳು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕೆಂಬುದು ನಿಯಮ. ದೇವದುರ್ಗದ ತಾಂಡಾದಲ್ಲಾಗಲಿ ಮಾನ್ವಿಯ ಹಳ್ಳಿಯಲ್ಲಾಗಲಿ, ಸೀರೆಯ ನೆರಿಗೆ ಸರಿಸಿ ಆ ಹೊಲಿಗೆಯನ್ನು ಮೊದಲು ನೋಡುವವಳು ಏಳನೆಯ ದಿನ ಬರುವ ಆಕೆಯೇ.