ಹಿರೋಶಿಮಾದ ಹಠ: ಮಜ್ದಾ ಕಾರಿನ ಚರಿತ್ರೆ

ಕಾರು ಮಾಡುವ ಕಂಪನಿಯೊಂದರ ಚರಿತ್ರೆ ಮರದ ತೊಗಟೆಯಿಂದ ಶುರುವಾಗುತ್ತದೆ ಎಂದರೆ ನಂಬುವುದು ಕಷ್ಟ. ಮಜ್ದಾದ ಚರಿತ್ರೆ ಶುರುವಾಗುವುದು ಹಾಗೆಯೇ. 1920ರ ಜನವರಿಯಲ್ಲಿ ಜಪಾನಿನ ಹಿರೋಶಿಮಾದಲ್ಲಿ ‘ತೋಯೋ ಕಾರ್ಕ್ ಕೋಗ್ಯೋ’ ಎಂಬ ಪುಟ್ಟ ಕಂಪನಿ ಹುಟ್ಟಿತು. ಮೊದಲ ಮಹಾಯುದ್ಧದ ದಿನಗಳಲ್ಲಿ ಯುರೋಪಿನಿಂದ ಕಾರ್ಕ್ ಬರುವುದು ನಿಂತಿತ್ತು. ಹಾಗಾಗಿ ಜಪಾನಿನಲ್ಲೇ ಬೆಳೆಯುವ ಒಂದು ಜಾತಿಯ ಓಕ್ ಮರದ ತೊಗಟೆಯಿಂದ ಕಾರ್ಕ್ ತಯಾರಿಸುವ ಉದ್ಯಮಕ್ಕೆ ಬೇಡಿಕೆ ಬಂದಿತ್ತು. ಯುದ್ಧ ಮುಗಿದು ಹೊರಗಿನ ಸರಕು ಮತ್ತೆ ಬರತೊಡಗಿದಾಗ ಆ ಬೇಡಿಕೆ ಕುಸಿಯಿತು. 1921ರಲ್ಲಿ ಜುಜಿರೋ ಮತ್ಸುದಾ ಅದರ ಅಧ್ಯಕ್ಷರಾದರು. ಮೀನುಗಾರರ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಒಸಾಕಾಗೆ ಹೋಗಿ ಕಮ್ಮಾರನ ಕೈಕೆಳಗೆ ಕೆಲಸ ಕಲಿತು, ಮುಂದೆ ತನ್ನದೇ ವಿನ್ಯಾಸದ ಪಂಪು ಮಾಡಿ ಹೆಸರಾದವರು ಅವರು. 1925ರಲ್ಲಿ ಕಾರ್ಕ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಬ್ಬಿಣ ಬಲ್ಲ ಮನುಷ್ಯ ತೊಗಟೆಯನ್ನು ನೆಚ್ಚಿಕೊಂಡು ಕೂರುವುದರಲ್ಲಿ ಅರ್ಥವಿರಲಿಲ್ಲ. 1927ರಲ್ಲಿ ಕಂಪನಿ ತನ್ನ ಹೆಸರಿನಿಂದ ‘ಕಾರ್ಕ್’ ಎಂಬ ಪದವನ್ನು ಕಿತ್ತುಹಾಕಿ ‘ತೋಯೋ ಕೋಗ್ಯೋ’ ಆಯಿತು, ಯಂತ್ರಗಳ ಕಡೆ ಹೊರಳಿತು.

1931ರಲ್ಲಿ ಅದು ಒಂದು ವಾಹನ ಮಾಡಿತು. ಮುಂದೆ ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲು ಮತ್ತು ಒಂದು ಚಕ್ರ, ಹಿಂದೆ ಎರಡು ಚಕ್ರದ ಮೇಲೆ ಸಾಮಾನು ಹೇರುವ ತೊಟ್ಟಿ. ನಮ್ಮ ಊರುಗಳ ಗೂಡ್ಸ್ ಆಟೋ ನೋಡಿದವರಿಗೆ ಅದರ ಆಕಾರ ಹೇಳಿಕೊಡಬೇಕಿಲ್ಲ. ಅದಕ್ಕೆ ಇಟ್ಟ ಹೆಸರು ‘ಮಜ್ದಾ’. ಸಂಸ್ಥಾಪಕರ ಮನೆತನದ ಹೆಸರಾದ ‘ಮತ್ಸುದಾ’ದ ಧ್ವನಿ ಅದರಲ್ಲಿತ್ತು, ಜೊತೆಗೆ ಪ್ರಾಚೀನ ಇರಾನಿನ, ಇಂದಿಗೂ ಪಾರ್ಸಿಗಳು ಪೂಜಿಸುವ ಜ್ಞಾನದ ದೇವರು ಅಹುರ ಮಜ್ದಾನ ನೆನಪೂ ಇತ್ತು. ಭಾಷಾಶಾಸ್ತ್ರ ಬಲ್ಲವರು ಇಲ್ಲಿ ಇನ್ನೊಂದು ಹೆಜ್ಜೆ ಹಿಂದೆ ಹೋಗುತ್ತಾರೆ. ಅವೆಸ್ತಾ ಭಾಷೆಯ ‘ಮಜ್ದಾ’ ಮತ್ತು ಸಂಸ್ಕೃತದ ‘ಮೇಧಾ’ ಒಂದೇ ಬೇರಿನ ಪದಗಳು. ನಾವು ಮೇಧಾವಿ ಎನ್ನುವಾಗ ಬಳಸುವ ಮೇಧೆಯೇ ಹಿರೋಶಿಮಾದ ಒಂದು ಮೂರು ಚಕ್ರದ ಗಾಡಿಯ ಮೇಲೆ ಕುಳಿತಿತ್ತು.

ಮಜ್ದಾ ಕಾರುಗಳು ನಮ್ಮ ಮಾರುಕಟ್ಟೆಗೆ ಬರಲಿಲ್ಲ. ಆದರೂ ಆ ಹೆಸರು ಕನ್ನಡಿಗರಿಗೆ ಹೊಸತಲ್ಲ. 1980ರ ದಶಕದಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಜೊತೆಗೂಡಿ ಬಂದ ‘ಸ್ವರಾಜ್ ಮಜ್ದಾ’ ಸಣ್ಣ ಲಾರಿ, ಮಿನಿ ಬಸ್ಸುಗಳಲ್ಲಿ ಶಾಲೆಗೆ, ಮದುವೆಗೆ, ಧರ್ಮಸ್ಥಳಕ್ಕೆ ಹೋಗಿಬಂದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಆ ಬಸ್ಸಿನ ಹಣೆಯ ಮೇಲಿದ್ದ ಹೆಸರಿನ ಹಿಂದೆ ಹಿರೋಶಿಮಾ ಇದೆ ಎಂಬುದು ಮಾತ್ರ ನಮ್ಮ ಗಮನಕ್ಕೆ ಬಂದಿರಲಾರದು.

ಹಿರೋಶಿಮಾ ಎಂದಕೂಡಲೇ ನಮ್ಮ ಮನಸ್ಸು 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹೋಗಿ ನಿಲ್ಲುತ್ತದೆ. ಅಂದು ಜುಜಿರೋ ಮತ್ಸುದಾ ಅವರ 70ನೆಯ ಹುಟ್ಟುಹಬ್ಬ. ಅವರ ಕಾರ್ಖಾನೆ ಬಾಂಬು ಸಿಡಿದ ಜಾಗದಿಂದ ಸುಮಾರು 5 ಕಿಲೋಮೀಟರ್ ದೂರದ ಫುಚು ಎಂಬಲ್ಲಿತ್ತು. ನಡುವೆ ಹಿಜಿಯಾಮಾ ಎಂಬ ಗುಡ್ಡ ಅಡ್ಡ ನಿಂತಿತ್ತು. ಗಾಜುಗಳು ಪುಡಿಯಾದವು, ಮಾಡುಗಳು ಕಿತ್ತವು. ಆದರೆ ಕಟ್ಟಡಗಳು ನಿಂತವು. ನಗರದೊಳಗಿದ್ದ ಅವರ ಕಾರ್ಮಿಕರಲ್ಲಿ ಅನೇಕರು ಮರಳಲಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಯುದ್ಧಕಾಲದಲ್ಲಿ ಆ ಕಾರ್ಖಾನೆ ಜಪಾನಿನ ಸೈನ್ಯಕ್ಕಾಗಿ ಬಂದೂಕು ತಯಾರಿಸುತ್ತಿತ್ತು. ಹಿರೋಶಿಮಾ ಕೂಡ ಸೇನಾನೆಲೆಯಿದ್ದ ನಗರವೇ. ಆದ್ದರಿಂದ ಮುಂದೆ ನಡೆದದ್ದನ್ನು ನಿಷ್ಪಾಪಿಗಳ ಪವಾಡವಾಗಿ ಓದಬೇಕಿಲ್ಲ. ಉಳಿದ ಮಾಡಿನ ಕೆಳಗೆ ಆ ಜನ ಏನು ಮಾಡಿದರು ಎಂಬುದನ್ನು ನೋಡಿದರೆ ಸಾಕು. ಸುಟ್ಟುಹೋದ ನಗರದಿಂದ ನಡೆದುಬಂದ ಗಾಯಾಳುಗಳಿಗೆ ಕಾರ್ಖಾನೆ ಆಸ್ಪತ್ರೆಯಾಯಿತು. ಕಚೇರಿ ಕಳೆದುಕೊಂಡಿದ್ದ ಹಿರೋಶಿಮಾ ಪ್ರಾಂತ್ಯದ ಸರ್ಕಾರ ಆಗಸ್ಟ್ ತಿಂಗಳಲ್ಲೇ ಅಲ್ಲಿಗೆ ಬಂದು, ಮರುವರ್ಷದ ಬೇಸಿಗೆಯವರೆಗೆ ಅಲ್ಲಿಂದಲೇ ಆಡಳಿತ ನಡೆಸಿತು. ರೇಡಿಯೋ ಕೇಂದ್ರವೂ ಅಲ್ಲೇ ಆಶ್ರಯ ಪಡೆಯಿತು. ಒಂದು ಊರಿನ ಆಸ್ಪತ್ರೆ, ಸರ್ಕಾರ, ದನಿ ಮೂರೂ ಒಂದು ಗಾಡಿ ಕಾರ್ಖಾನೆಯ ಮಾಡಿನ ಕೆಳಗೆ ಸೇರಿದ್ದವು. ಅದೇ ಡಿಸೆಂಬರ್‌ನಲ್ಲಿ ಮೂರು ಚಕ್ರದ ಗಾಡಿಗಳ ತಯಾರಿಕೆ ಮತ್ತೆ ಶುರುವಾಯಿತು. ಊರು ಕಟ್ಟಲು ಕಲ್ಲು, ಮರ, ಅಕ್ಕಿ ಹೊರುವ ಗಾಡಿಗಳು ಬೇಕೇಬೇಕಿದ್ದವು.

ಆ ಋಣದ ಮಾತಿಗೆ ಮತ್ತೆ ಬರೋಣ. ಅದಕ್ಕೆ ಮೊದಲು ಮಜ್ದಾವನ್ನು ಜಗತ್ತಿಗೆ ಪರಿಚಯಿಸಿದ ಎಂಜಿನ್ನಿನ ಕಥೆ ಹೇಳಬೇಕು.

1951ರಲ್ಲಿ ತ್ಸುನೆಜಿ ಮತ್ಸುದಾ ಅಧ್ಯಕ್ಷರಾದರು. 1960ರಲ್ಲಿ ಕಂಪನಿ ತನ್ನ ಮೊದಲ ಪ್ರಯಾಣಿಕ ಕಾರು, ಪುಟ್ಟ ಆರ್360 ಕೂಪೆಯನ್ನು ಬಿಡುಗಡೆ ಮಾಡಿತು. ಆದರೆ ಆ ಹೊತ್ತಿಗೆ ಜಪಾನ್ ಸರ್ಕಾರದ ಕೈಗಾರಿಕಾ ಸಚಿವಾಲಯಕ್ಕೆ ದೇಶದಲ್ಲಿ ಕಾರು ಕಂಪನಿಗಳು ಹೆಚ್ಚಾದವು ಅನ್ನಿಸತೊಡಗಿತ್ತು. ಅವನ್ನೆಲ್ಲ ಕೆಲವೇ ಗುಂಪುಗಳಾಗಿ ಒಟ್ಟುಗೂಡಿಸುವ ಯೋಜನೆ ಸಿದ್ಧವಾಗುತ್ತಿತ್ತು. ದೊಡ್ಡವರು ಉಳಿಯುತ್ತಾರೆ, ಚಿಕ್ಕವರು ದೊಡ್ಡವರ ಹೊಟ್ಟೆ ಸೇರುತ್ತಾರೆ. ಬೇರೆ ಯಾರ ಬಳಿಯೂ ಇಲ್ಲದ ಒಂದು ವಿದ್ಯೆ ತನ್ನ ಬಳಿ ಇದ್ದರೆ ಮಾತ್ರ ತನ್ನನ್ನು ನುಂಗಲು ಯೋಚಿಸುತ್ತಾರೆ ಎಂಬುದು ತ್ಸುನೆಜಿಯವರ ಲೆಕ್ಕ. ಅವರು ಜರ್ಮನಿಗೆ ಹೋಗಿ, ಫೆಲಿಕ್ಸ್ ವಾಂಕೆಲ್‌ನ ರೋಟರಿ ಎಂಜಿನ್ ಮೇಲೆ ಕೆಲಸ ಮಾಡುತ್ತಿದ್ದ ಎನ್‌ಎಸ್‌ಯು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು.

ಸಾಮಾನ್ಯ ಎಂಜಿನ್ನು ಒನಕೆಯ ಹಾಗೆ. ಪಿಸ್ಟನ್ನು ಸಿಲಿಂಡರಿನೊಳಗೆ ಮೇಲೆ ಕೆಳಗೆ ಕುಟ್ಟುತ್ತದೆ, ಆ ಕುಟ್ಟುವಿಕೆಯನ್ನು ಇನ್ನೊಂದು ದಂಡ ತಿರುಗುವಿಕೆಯಾಗಿ ಬದಲಿಸುತ್ತದೆ. ವಾಂಕೆಲ್‌ನ ಎಂಜಿನ್ನು ಬೀಸುಕಲ್ಲಿನ ಹಾಗೆ. ಬದಿಗಳು ಉಬ್ಬಿದ ಒಂದು ತ್ರಿಕೋನ, ನಡು ಕೊಂಚ ಒಳಸೇರಿದ ಕಡಲೆಕಾಯಿ ಆಕಾರದ ಗೂಡಿನೊಳಗೆ ಸುತ್ತುತ್ತದೆ. ತ್ರಿಕೋನದ ಮೂರು ಬದಿಗಳಿಗೂ ಗೋಡೆಗೂ ನಡುವಿನ ಜಾಗ ಹಿಗ್ಗುತ್ತಾ ಕುಗ್ಗುತ್ತಾ ಹೋಗುತ್ತದೆ. ಗಾಳಿ ಮತ್ತು ಪೆಟ್ರೋಲು ಒಳಬರುವುದು, ಒತ್ತಡಕ್ಕೆ ಸಿಕ್ಕುವುದು, ಉರಿಯುವುದು, ಹೊಗೆ ಹೊರಹೋಗುವುದು ಎಲ್ಲವೂ ಆ ಸುತ್ತಿನಲ್ಲೇ ಆಗುತ್ತದೆ. ಕುಟ್ಟಾಟವಿಲ್ಲದ್ದರಿಂದ ನಡುಕ ಕಡಿಮೆ, ಭಾಗಗಳು ಕಡಿಮೆ, ಗಾತ್ರ ಚಿಕ್ಕದು.

ಕಾಗದದ ಮೇಲೆ ಇಷ್ಟು ಚೆಂದವಿದ್ದದ್ದು ಲೋಹದಲ್ಲಿ ಕೈಕೊಟ್ಟಿತು. ತ್ರಿಕೋನದ ಮೂರು ತುದಿಗಳಲ್ಲಿ ಗೋಡೆಯನ್ನು ಸವರುತ್ತಾ ಸಾಗುವ ಪಟ್ಟಿಗಳಿರುತ್ತವೆ. ಅವು ಓಡುತ್ತಾ ಓಡುತ್ತಾ ಅದುರಿ, ಗೋಡೆಯ ನುಣುಪಾದ ಮೈಮೇಲೆ ಅಲೆಅಲೆಯಾದ ಗೀರುಗಳನ್ನು ಕೊರೆದುಬಿಡುತ್ತಿದ್ದವು. ಹಿರೋಶಿಮಾದವರು ಅವನ್ನು ‘ದೆವ್ವದ ಉಗುರಿನ ಗುರುತು’ ಎಂದು ಕರೆದರು. 1963ರಲ್ಲಿ ಈ ದೆವ್ವ ಬಿಡಿಸುವ ಕೆಲಸ ಕೆನಿಚಿ ಯಾಮಾಮೊಟೊ ಎಂಬ ಎಂಜಿನಿಯರ್ ಮತ್ತು ಅವರ ತಂಡಕ್ಕೆ ಬಿತ್ತು. ತೋಕಿಯೋದಲ್ಲಿ ಎಂಜಿನಿಯರಿಂಗ್ ಓದಿದ್ದರೂ ಯುದ್ಧಾನಂತರದ ಬಡತನದಲ್ಲಿ ಇದೇ ಕಾರ್ಖಾನೆಯಲ್ಲಿ ಗೇರ್‌ಪೆಟ್ಟಿಗೆ ಜೋಡಿಸುವ ಕೂಲಿಯಿಂದ ಶುರುಮಾಡಿದವರು ಅವರು. ತಂಡದಲ್ಲಿದ್ದವರು 47 ಮಂದಿ. ಜಪಾನಿನಲ್ಲಿ ಆ ಸಂಖ್ಯೆ ಕೇಳಿದ ಯಾರಿಗೂ, ತಮ್ಮ ಒಡೆಯನ ಸಾವಿಗೆ ಸೇಡು ತೀರಿಸಿಕೊಂಡು ಪ್ರಾಣ ಕೊಟ್ಟ ಅಕೋ ಸಂಸ್ಥಾನದ 47 ಸಮುರಾಯಿಗಳು ನೆನಪಾಗುತ್ತಾರೆ. ತಂಡಕ್ಕೂ ಆ ಹೆಸರೇ ಅಂಟಿತು.

ಅವರು ಹಿಡಿದ ಎಳೆ ಸರಳವಾಗಿತ್ತು. ಗೀರು ಬೀಳುತ್ತಿದ್ದುದು ಬರೀ ಸವೆತದಿಂದಲ್ಲ, ಪಟ್ಟಿಯ ಕಂಪನದಿಂದ. ಪಟ್ಟಿಯಲ್ಲಿ ಅಡ್ಡಡ್ಡ ತೂತು ಕೊರೆದು ಅದರ ಕಂಪನದ ಲಯವನ್ನೇ ಬದಲಿಸಿದಾಗ ಗೀರುಗಳು ಮಾಯವಾದವು. ಕೊನೆಗೆ ಮಾರಾಟದ ಕಾರಿಗೆ ಅವರು ಆರಿಸಿಕೊಂಡದ್ದು ಇಂಗಾಲದೊಳಗೆ ಅಲ್ಯೂಮಿನಿಯಂ ತುಂಬಿದ ಪಟ್ಟಿ. 1967ರ ಮೇ ತಿಂಗಳಲ್ಲಿ ಎರಡು ರೋಟರುಗಳ ಕಾಸ್ಮೋ ಸ್ಪೋರ್ಟ್ ಕಾರು ಹೊರಬಂತು. ಮರುವರ್ಷ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ನಡೆದ 84 ಗಂಟೆಗಳ ಓಟದಲ್ಲಿ ಆ ಕಾರು ನಾಲ್ಕನೆಯದಾಗಿ ಗುರಿ ಮುಟ್ಟಿತು. ಅನೇಕ ದೊಡ್ಡ ಕಂಪನಿಗಳು ಅನುಮತಿ ಕೊಂಡು ಕೈಚೆಲ್ಲಿದ ಎಂಜಿನ್ನನ್ನು ಹಿರೋಶಿಮಾ ಓಡಿಸಿ ತೋರಿಸಿತ್ತು.

ಸಾಧಾರಣವಾಗಿ ಇಂಥ ಕಥೆಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ಗೆದ್ದವರಿಗೆ ತಮ್ಮ ಗೆಲುವಿನ ಮೇಲೆ ಮೋಹ ಹುಟ್ಟುವುದೂ ಉಂಟು. ಮಜ್ದಾ ರೋಟರಿಯನ್ನು ಕಂಡಕಂಡಲ್ಲಿ ಕೂರಿಸತೊಡಗಿತು: ಸಂಸಾರದ ಕಾರಿಗೆ, ಸಾಮಾನು ಹೊರುವ ಪಿಕಪ್ಪಿಗೆ, ಕೊನೆಗೆ 26 ಜನ ಕೂರುವ ಬಸ್ಸಿಗೆ ಕೂಡ. ಈ ಎಂಜಿನ್ನಿಗೆ ಒಂದು ಹುಟ್ಟುಗುಣವಿತ್ತು. ಅದು ವಿಪರೀತ ಪೆಟ್ರೋಲು ಕುಡಿಯುತ್ತಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ಬಿಗಿಮಾಡಿದಾಗ ಆ ಗುಣವೇ ಶಾಪವಾಯಿತು. ಅಮೆರಿಕದ ಪರಿಸರ ಇಲಾಖೆ ರೋಟರಿ ಕಾರುಗಳ ಇಂಧನದ ಹಸಿವನ್ನು ಅಂಕಿಗಳಲ್ಲೇ ಪ್ರಕಟಿಸಿತು. ಪೆಟ್ರೋಲ್ ಬಂಕಿನ ಮುಂದೆ ಸಾಲುಗಟ್ಟಿ ನಿಂತಿದ್ದ ಅಮೆರಿಕನ್ನರಿಗೆ ನುಣುಪಾದ ಓಟ ಬೇಕಿರಲಿಲ್ಲ. ಮಾರಾಟ ಕುಸಿಯಿತು, ಕಾರುಗಳು ಅಂಗಳದಲ್ಲೇ ಉಳಿದವು, ಸಾಲ ಬೆಟ್ಟವಾಯಿತು.

ಕಂಪನಿ ಮುಚ್ಚಲಿಲ್ಲ. ಸುಮಿತೊಮೊ ಬ್ಯಾಂಕು ಕೈಹಿಡಿಯಿತು. ಕೈಹಿಡಿದದ್ದಕ್ಕೆ ಬೆಲೆಯಾಗಿ ತನ್ನ ಅಧಿಕಾರಿಗಳನ್ನು ಒಳಗೆ ಕೂರಿಸಿತು. ಮತ್ಸುದಾ ಕುಟುಂಬ 1977ರಲ್ಲಿ ಅಧ್ಯಕ್ಷಸ್ಥಾನ ಕಳೆದುಕೊಂಡಿತು. 1979ರಲ್ಲಿ ಅಮೆರಿಕದ ಫೋರ್ಡ್ ಸುಮಾರು ಕಾಲು ಪಾಲು ಷೇರು ಕೊಂಡಿತು. ಇದು ಲೆಕ್ಕಪುಸ್ತಕದ ಕಥೆ. ಅದರ ಅಡಿಯಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಕಾರ್ಖಾನೆಯ ಸಾವಿರಾರು ಕಾರ್ಮಿಕರನ್ನು ಕೆಲಸದಿಂದ ತೆಗೆಯುವ ಬದಲು ದೇಶದುದ್ದಗಲಕ್ಕೂ ಕಾರು ಮಾರಲು ಕಳಿಸಲಾಯಿತು. ಸ್ಪ್ಯಾನರ್ ಹಿಡಿದ ಕೈಗಳು ಅಪರಿಚಿತರ ಬಾಗಿಲು ತಟ್ಟಿದವು. ಇತ್ತ ಹಿರೋಶಿಮಾದ ವ್ಯಾಪಾರಿಗಳು, ಸಂಸ್ಥೆಗಳು ಒಟ್ಟುಗೂಡಿ ‘ಕೊಳ್ಳುವುದಿದ್ದರೆ ನಮ್ಮೂರಿನ ಕಾರನ್ನೇ ಕೊಳ್ಳೋಣ’ ಎಂಬ ಚಳವಳಿ ನಡೆಸಿದರು. 1945ರಲ್ಲಿ ಕಾರ್ಖಾನೆ ಊರಿಗೆ ಮಾಡು ಕೊಟ್ಟಿತ್ತು. ಮೂವತ್ತು ವರ್ಷಗಳ ಬಳಿಕ ಊರು ಕಾರ್ಖಾನೆಗೆ ಹೆಗಲು ಕೊಟ್ಟಿತು.

ಅದೇ 1975ರಲ್ಲಿ ಊರಿನ ಬೇಸ್‌ಬಾಲ್ ತಂಡವಾದ ಹಿರೋಶಿಮಾ ತೋಯೋ ಕಾರ್ಪ್ ಮೊಟ್ಟಮೊದಲ ಬಾರಿಗೆ ತನ್ನ ಲೀಗ್ ಗೆದ್ದಿತು. ಬಾಂಬಿನ ಬೂದಿಯ ನಡುವೆ, ನಾಗರಿಕರ ಚಂದಾ ಹಣದಿಂದ ಬದುಕಿ ಬಂದ ತಂಡ ಅದು. ಅದರ ಹೆಸರಿನ ನಡುವೆ ಇರುವ ‘ತೋಯೋ’ ಈ ಕಂಪನಿಯ ಹೆಸರೇ. ಊರಿನ ಕಂಪನಿ ಮುಳುಗುತ್ತಿದ್ದ ವರ್ಷ ಊರಿನ ತಂಡ ಗೆದ್ದದ್ದು ಕಾಕತಾಳೀಯ. ಆದರೆ ಎರಡನ್ನೂ ಹಿಡಿದು ನಿಲ್ಲಿಸಿದ ಜನ ಒಬ್ಬರೇ.

ಯಾಮಾಮೊಟೊ ಮತ್ತು ಅವರ ಜೊತೆಗಾರರು ರೋಟರಿಯನ್ನು ಬಿಡಲಿಲ್ಲ. ಆದರೆ ಈ ಸಲದ ಹಠಕ್ಕೆ ಲೆಕ್ಕವಿತ್ತು. ಇಂಧನದ ಬಳಕೆಯನ್ನು ಶೇ. 40ರಷ್ಟು ಸುಧಾರಿಸುವ ಗುರಿಯಿಟ್ಟುಕೊಂಡರು, ಆ ಯೋಜನೆಗೆ ಬೂದಿಯಿಂದೇಳುವ ಫೀನಿಕ್ಸ್ ಹಕ್ಕಿಯ ಹೆಸರಿಟ್ಟರು. ಬಸ್ಸು, ಪಿಕಪ್ಪುಗಳಿಂದ ಆ ಎಂಜಿನ್ನನ್ನು ಇಳಿಸಿ, ಅದಕ್ಕೆ ಒಪ್ಪುವ ಒಂದೇ ಜಾಗದಲ್ಲಿ, ಹಗುರವಾದ ಸ್ಪೋರ್ಟ್ಸ್ ಕಾರಿನಲ್ಲಿ ಇಟ್ಟರು. 1978ರ ಆರ್‌ಎಕ್ಸ್-7 ಹಾಗೆ ಹುಟ್ಟಿ, ಗೆದ್ದಿತು.

ಆ ದಾರಿಯ ತುದಿಯಲ್ಲಿ 1991ರ ಜೂನ್ 23 ಇದೆ. ಫ್ರಾನ್ಸಿನ ಲ ಮಾನ್ಸ್‌ನಲ್ಲಿ 24 ಗಂಟೆಗಳ ಓಟ. ನಾಲ್ಕು ರೋಟರುಗಳ ಮಜ್ದಾ 787ಬಿ ಕಾರನ್ನು ವೈಡ್ಲರ್, ಹರ್ಬರ್ಟ್, ಗಾಶೋ ಎಂಬ ಮೂವರು ಸರದಿಯಂತೆ ಓಡಿಸಿದರು. ಮುಂದಿದ್ದ ಮರ್ಸಿಡಿಸ್ ಕೊನೆಯ ಗಂಟೆಗಳಲ್ಲಿ ಕೆಟ್ಟು ನಿಂತಿತು. 362 ಸುತ್ತು ಮುಗಿಸಿ ಮಜ್ದಾ ಗೆದ್ದಿತು. ಕೊನೆಯ ಸರದಿ ಓಡಿಸಿದ ಹರ್ಬರ್ಟ್ ಬಳಲಿ ಕುಸಿದು, ವಿಜೇತರ ಕಟ್ಟೆ ಹತ್ತಲೂ ಆಗಲಿಲ್ಲ. ಜಪಾನಿನ ಕಂಪನಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಪಿಸ್ಟನ್ ಇಲ್ಲದ ಎಂಜಿನ್ನು ಗೆದ್ದದ್ದೂ ಅದೊಂದೇ ಸಲ. ನಿಯಮಗಳು ಅದಕ್ಕೆ ಹಗುರ ಮೈಯ ರಿಯಾಯಿತಿ ಕೊಟ್ಟಿದ್ದವು ಎಂಬುದು ನಿಜ. ಆದರೆ ಆ ಓಟದಲ್ಲಿ ಪ್ರತಿ ಕಾರಿಗೂ ಇಂಧನದ ಮಿತಿಯಿತ್ತು. ಹೊಟ್ಟೆಬಾಕ ಎಂಬ ಕೆಟ್ಟ ಹೆಸರು ಹೊತ್ತಿದ್ದ ಎಂಜಿನ್ನು ಅಳೆದು ಕೊಟ್ಟ ಇಂಧನದಲ್ಲೇ ಗೆದ್ದಿತ್ತು. ಗೆಲುವಿನ ಹೊಟ್ಟೆಕಿಚ್ಚಿನಿಂದ ರೋಟರಿಯನ್ನು ನಿಷೇಧಿಸಿದರು ಎಂಬ ಮಾತು ಅಭಿಮಾನಿಗಳಲ್ಲಿ ಇಂದಿಗೂ ಓಡಾಡುತ್ತದೆ. ಅದನ್ನು ಹೊರಗಿಡುವ ನಿಯಮ ಗೆಲುವಿಗೆ ಮೊದಲೇ ತೀರ್ಮಾನವಾಗಿತ್ತು.

ಮಜ್ದಾದ ಆಕರ್ಷಣೆ ರೋಟರಿಯೊಂದರಲ್ಲೇ ಇಲ್ಲ ಎಂಬುದಕ್ಕೆ 1989ರ ಎಂಎಕ್ಸ್-5 ಸಾಕ್ಷಿ. ಅದರ ಎಂಜಿನ್ನು ಸಾಮಾನ್ಯ ಪಿಸ್ಟನ್ನಿನದು. ಎರಡು ಸೀಟು, ತೆರೆಯುವ ಮಾಡು, ಹಗುರ ಮೈ, ಕೈಗೆಟುಕುವ ಬೆಲೆ. ಕುದುರೆಯೂ ಸವಾರನೂ ಒಂದಾಗುವುದು ಎಂಬರ್ಥದ ‘ಜಿನ್ಬಾ ಇತ್ತಾಯ್’ ಎಂಬ ಹಳೆಯ ನುಡಿಯನ್ನು ವಿನ್ಯಾಸಕಾರರು ಗುರಿಯಾಗಿಟ್ಟುಕೊಂಡಿದ್ದರು. ಇಂಥ ಕಾರುಗಳ ಕಾಲ ಮುಗಿಯಿತು ಎಂದು ಬೇರೆಯವರು ಕೈಬಿಟ್ಟಿದ್ದಾಗ ಬಂದ ಈ ಕಾರು 2016ರ ಹೊತ್ತಿಗೆ 10 ಲಕ್ಷ ದಾಟಿತು.

ಫೋರ್ಡ್ ಬಂತು, ಹೋಯಿತು. ರೋಟರಿ ಎಂಜಿನ್ನಿನ ಕೊನೆಯ ಸ್ಪೋರ್ಟ್ಸ್ ಕಾರು, ಆರ್‌ಎಕ್ಸ್-8, 2012ರಲ್ಲಿ ನಿಂತಿತು. 2023ರಲ್ಲಿ ರೋಟರಿ ಮರಳಿದ್ದು ಚಕ್ರ ತಿರುಗಿಸಲಿಕ್ಕಲ್ಲ, ವಿದ್ಯುತ್ ಕಾರಿನೊಳಗೆ ಬ್ಯಾಟರಿ ತುಂಬುವ ಪುಟ್ಟ ಜನರೇಟರ್ ಆಗಿ. ಜಗತ್ತನ್ನೇ ಬದಲಿಸಬೇಕಿದ್ದ ಎಂಜಿನ್ನು ಕಡೆಗೆ ಸಹಾಯಕನ ಕೆಲಸಕ್ಕೆ ಬಂತು ಎಂದು ನಗುವವರು ನಗಬಹುದು. ವ್ಯಾಪಾರದ ಲೆಕ್ಕದಲ್ಲಿ ಆ ಹಠ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಒಂದು ಕಂಪನಿಯನ್ನು ಉಳಿಸುವುದು ಯಾವಾಗಲೂ ಅದರ ಅತ್ಯುತ್ತಮ ವಸ್ತುವೇ ಆಗಬೇಕೆಂದಿಲ್ಲ. ಮಜ್ದಾವನ್ನು ಕಷ್ಟಕಾಲದಲ್ಲಿ ಉಳಿಸಿದ್ದರಲ್ಲಿ, ಅದು ಯಾರ ನಡುವೆ ಹುಟ್ಟಿ ಬೆಳೆಯಿತೋ ಆ ಜನರ ಪಾಲೂ ಇತ್ತು.

ಮಜ್ದಾದ ಮುಖ್ಯ ಕಚೇರಿ ಇಂದಿಗೂ ಫುಚುವಿನಲ್ಲೇ ಇದೆ. ಸುತ್ತ ನಾಲ್ಕೂ ಕಡೆ ಹಿರೋಶಿಮಾ ನಗರ ಬೆಳೆದು ನಿಂತಿದ್ದರೂ ಫುಚು ನಗರದೊಳಗೆ ಕರಗದೆ ಪ್ರತ್ಯೇಕ ಪಟ್ಟಣವಾಗಿಯೇ ಉಳಿದಿದೆ. ಮಜ್ದಾ ಮ್ಯೂಸಿಯಮ್ಮಿನಲ್ಲಿ ಲ ಮಾನ್ಸ್ ಗೆದ್ದ ಕಾರನ್ನು ನೋಡಬಹುದು. ಅದೇ ಕಂಪನಿ ಒಂದು ಕಾಲದಲ್ಲಿ ಮಾಡುತ್ತಿದ್ದ ಮೂರು ಚಕ್ರದ ಸಾಮಾನು ಗಾಡಿಗೆ ಅಷ್ಟು ವೇಗವಿರಲಿಲ್ಲ, ಅಷ್ಟು ಹೆಸರೂ ಇಲ್ಲ. 1945ರ ಚಳಿಗಾಲದಲ್ಲಿ ಹಿರೋಶಿಮಾಕ್ಕೆ ಬೇಕಾಗಿದ್ದದ್ದು ಅದೇ.