ಬುಲೆಟ್ ರೈಲು

ನಮ್ಮ ಪತ್ರಿಕೆಗಳ ‘ಬುಲೆಟ್ ರೈಲು’ ಇಂಗ್ಲಿಷಿನ ಮೂಲಕ ಬಂದಿದ್ದರೂ ಅದರ ಬೇರು ಜಪಾನಿನಲ್ಲಿದೆ. ಟೋಕಿಯೊದಿಂದ ಶಿಮೊನೊಸೆಕಿವರೆಗೆ ಹೊಸ ಹಳಿ ಹಾಕುವ ಯೋಜನೆಗೆ 1940ರಲ್ಲಿ ಒಪ್ಪಿಗೆ ಸಿಕ್ಕಿತು. ಜನ ಅದನ್ನು ‘ದಾಂಗಾನ್ ರೆಶ್ಶಾ’, ಅಂದರೆ ಗುಂಡಿನ ರೈಲು ಎಂದರು. ಯುದ್ಧದಿಂದಾಗಿ ಆ ಕೆಲಸ ನಿಂತಿತು. ಕೊನೆಗೆ 1964ರಲ್ಲಿ ಓಡಿದ ರೈಲಿಗೆ ಜಪಾನೀಯರು ಇಟ್ಟುಕೊಂಡದ್ದು ‘ಶಿಂಕಾನ್ಸೆನ್’, ಹೊಸ ಮುಖ್ಯ ಮಾರ್ಗ ಎಂಬ ತೀರಾ ಸಪ್ಪೆ ಹೆಸರು. ಗುಂಡು ಉಳಿದದ್ದು ಹೆಚ್ಚಾಗಿ ಹೊರಗಿನವರ ಬಾಯಲ್ಲಿ.

ವೇಗಕ್ಕೆ ಈ ಪದ ಒಪ್ಪುತ್ತದೆ, ಆಕಾರಕ್ಕಲ್ಲ. ಮೂತಿ ಚೂಪಾದರೆ ಗಾಳಿಯ ತಡೆ ತೀರಿತು ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ಗುಂಡು ಗಿಡ್ಡ, 16 ಬೋಗಿಗಳ ಶಿಂಕಾನ್ಸೆನ್ ಸುಮಾರು 400 ಮೀಟರ್ ಉದ್ದ. ಆ ಮೈಯುದ್ದಕ್ಕೂ ಉಜ್ಜುವ ಗಾಳಿ, ಅಡಿಯ ಚಕ್ರಗಳ ಚೌಕಟ್ಟು, ಬೋಗಿಗಳ ನಡುವಿನ ಸಂದು, ತಂತಿಯಿಂದ ವಿದ್ಯುತ್ ಪಡೆಯುವ ಚಾವಣಿಯ ಪ್ಯಾಂಟೋಗ್ರಾಫ್: ತಡೆಯ ದೊಡ್ಡ ಪಾಲು ಇವುಗಳದ್ದು. ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟಾಗುವುದರಿಂದ ಸಣ್ಣ ಸಂದನ್ನೂ ಕಡೆಗಣಿಸುವಂತಿಲ್ಲ. ಎನ್700 ಎಂಬ ಶಿಂಕಾನ್ಸೆನ್ ಮಾದರಿಯಲ್ಲಿ ಬೋಗಿಗಳ ನಡುವೆ ಸುತ್ತಲೂ ಹೊದಿಕೆ ಹಾಕಿರುವುದು ಅದಕ್ಕೇ. ಹಾಗಾದರೆ 1997ರಲ್ಲಿ ಓಡಲಾರಂಭಿಸಿದ 500 ಸರಣಿಯ ಶಿಂಕಾನ್ಸೆನ್ ರೈಲಿಗೆ 15 ಮೀಟರ್ ಮೂತಿ ಏಕೆ ಎಂದು ಕೇಳಬಹುದು. ಮುಖ್ಯ ಕಾರಣ ಸುರಂಗ. ರೈಲು ರಭಸದಿಂದ ನುಗ್ಗಿ ಒಳಗಿನ ಗಾಳಿಯನ್ನು ಒಮ್ಮೆಲೇ ಅದುಮಿದರೆ, ಒತ್ತಡದ ಅಲೆ ಆಚೆ ಬಾಯಲ್ಲಿ ಢಂ ಎನ್ನುತ್ತದೆ. ಉದ್ದ ಮೂತಿಯಿಂದ ಒತ್ತಡ ನಿಧಾನವಾಗಿ ಏರುತ್ತದೆ. ಅದಕ್ಕಾಗಿ ಮೊದಲ ಬೋಗಿಯಲ್ಲಿ ಸೀಟುಗಳು ಕಡಿಮೆಯಾದವು, ಚಾಲಕನ ಬದಿಯ ಪ್ರಯಾಣಿಕರ ಬಾಗಿಲನ್ನೇ ಕೈಬಿಡಬೇಕಾಯಿತು.